ಭಾರಕ್ಕಿಂತ ದೂರವೇ ಭಾರ

ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟುಕೊಂಡು ಎತ್ತಬೇಕೆಂಬ ಮಾತು ಈಗ ಕಾರ್ಖಾನೆಯ ಗೋಡೆಯ ಮೇಲೂ ಇದೆ, ಗೋದಾಮಿನ ಬಾಗಿಲ ಮೇಲೂ ಇದೆ. ಅದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಕೇಳುಗರು ಪದೇ ಪದೇ ಕೇಳುವುದು ಅದರ ಮುಂದಿನ ಪ್ರಶ್ನೆ: ಹೇಳಿದ ಹಾಗೆಯೇ ಎತ್ತಿದರೂ ಸೊಂಟ ಹಿಡಿಯುವುದೇಕೆ? ಕಿರಾಣಿ ಅಂಗಡಿಯವರು, ನೀರಿನ ಕ್ಯಾನ್ ಹೊರುವ ಹುಡುಗರು, ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವ ದಾದಿಯರು, ಎಲ್ಲರದೂ ಇದೇ ಅಳಲು. ಉತ್ತರವನ್ನು ಮೊಣಕಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಎತ್ತಿದ ವಸ್ತು ಹೊಟ್ಟೆಯಿಂದ ಎಷ್ಟು ದೂರದಲ್ಲಿತ್ತು ಎಂದು ನೋಡಬೇಕು.

ಬೆನ್ನುಮೂಳೆಯ ಕೆಳತುದಿಯನ್ನು ಮಕ್ಕಳಾಡುವ ಏತಪಾತದ ನಡುಗಂಬ ಎಂದುಕೊಳ್ಳಬಹುದು. ಮುಂದಿನ ತೋಳಿನ ತುದಿಯಲ್ಲಿ ಮೂಟೆ, ಹಿಂದಿನ ತೋಳಿನ ತುದಿಯಲ್ಲಿ ಬೆನ್ನಿನ ಸ್ನಾಯುಗಳು. ಹಿಂದಿನ ತೋಳು ತೀರ ಗಿಡ್ಡ. ಸ್ನಾಯು ಎಳೆಯುವ ಜಾಗಕ್ಕೂ ಮೂಳೆಗಳ ನಡುವಿನ ಡಿಸ್ಕಿನ ಮಧ್ಯಕ್ಕೂ ಇರುವ ಅಂತರ ಸುಮಾರು 5 ಸೆಂಟಿಮೀಟರ್, ಅಂದರೆ ಮೂರು ಬೆರಳಿನ ಅಗಲ. 20 ಕಿಲೋ ಡಬ್ಬವೊಂದು ಡಿಸ್ಕಿನಿಂದ 25 ಸೆಂಟಿಮೀಟರ್ ಮುಂದಿದ್ದರೆ ಮುಂದಿನ ತೋಳು ಹಿಂದಿನದಕ್ಕಿಂತ ಐದು ಪಟ್ಟು ಉದ್ದವಾಯಿತು. ಅದನ್ನು ಸರಿದೂಗಿಸಲು ಸ್ನಾಯುಗಳು 100 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕು. ಅದೇ ಡಬ್ಬ 50 ಸೆಂಟಿಮೀಟರ್ ಮುಂದಿದ್ದರೆ 200 ಕಿಲೋದಷ್ಟು. ಡಬ್ಬ ಅದೇ, ತೂಕವೂ ಅದೇ; ಒಂದು ಗೇಣಿನಷ್ಟು ದೂರ ಸರಿದದ್ದಕ್ಕೆ ಬೆನ್ನು ತೆತ್ತ ಬೆಲೆ ಇಮ್ಮಡಿ. ಸ್ನಾಯುಗಳ ಈ ಎಳೆತವೂ ಡಬ್ಬದ ತೂಕವೂ ಕೂಡಿ ಡಿಸ್ಕನ್ನು ಅಮುಕುತ್ತವೆ.

ಸೊಂಟ ಬಗ್ಗಿಸಿದಾಗ ತಲೆ, ತೋಳು, ಎದೆ, ಹೊಟ್ಟೆಗಳ ತೂಕವೂ ಮುಂದಿನ ತೋಳಿಗೇ ಸೇರಿಕೊಳ್ಳುತ್ತದೆ. ಅದು ಇಡೀ ದೇಹದ ತೂಕದ ಅರ್ಧಕ್ಕಿಂತ ಹೆಚ್ಚು. ಬಿದ್ದ ಪೆನ್ನು ಎತ್ತಲು ಹೋಗಿ ಸೊಂಟ ಹಿಡಿಯಿತೆಂದರೆ ಜನ ನಗುತ್ತಾರೆ. ನಗುವಂಥದ್ದೇನೂ ಇಲ್ಲ, ಆ ಮನುಷ್ಯ ಪೆನ್ನಿನ ಜೊತೆಗೆ ಅರ್ಧ ಮೈಯನ್ನೂ ಎತ್ತಿರುತ್ತಾನೆ.

ಈ ಭಾಷಣಕಾರನ ಸೊಂಟ ಮೊದಲ ಸಲ ಹಿಡಿದದ್ದು 10 ಕಿಲೋ ಅಕ್ಕಿಚೀಲದಿಂದ. ಚೀಲ ಕಾರಿನ ಡಿಕ್ಕಿಯ ಒಳಮೂಲೆಯಲ್ಲಿತ್ತು. ಮೊಣಕಾಲು ಮಡಿಸಿದ್ದೂ ಆಗಿತ್ತು, ಆದರೆ ಮಡಿಸಿದ ಮೊಣಕಾಲು ಬಂಪರಿಗೆ ತಾಗಿ ಮೈ ಹಿಂದೆಯೇ ಉಳಿಯಿತು, ಕೈಗಳು ಮಾತ್ರ ಮುಂದೆ ಚಾಚಿದವು. ಚೀಲವನ್ನು ಅಂಚಿನವರೆಗೆ ಎಳೆದುಕೊಂಡು ಹೊಟ್ಟೆಗೆ ಒರಗಿಸಿ ಎತ್ತಿದ್ದರೆ ಮೂರು ವಾರ ನೆಲದ ಮೇಲೆ ಊಟಕ್ಕೆ ಕೂರಲಾಗದ ಪಾಡು ತಪ್ಪುತ್ತಿತ್ತು.

ಇದನ್ನು ಲೆಕ್ಕ ಹಾಕಿ ಊಹಿಸಬೇಕಾಗಿಯೂ ಇಲ್ಲ, ಅಳೆದು ನೋಡಿದ್ದಾರೆ. ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡ ಅಳೆಯುವ ಸಣ್ಣ ಸಾಧನ ಇರಿಸಿ, 1999ರಲ್ಲಿ ಅಂಕಿಗಳನ್ನು ಪ್ರಕಟಿಸಿದರು. ಸುಮ್ಮನೆ ನಿಂತಾಗ ಒತ್ತಡ 0.5 ಮೆಗಾಪ್ಯಾಸ್ಕಲ್. ಕಾರಿನ ಚಕ್ರದ ಗಾಳಿ 0.2ರ ಆಸುಪಾಸಿನಲ್ಲಿರುತ್ತದೆ ಎಂದರೆ ಅಂದಾಜು ಸಿಕ್ಕೀತು. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3, ಮೊಣಕಾಲು ಮಡಿಸಿ ಎತ್ತಿದಾಗ 1.7. ಗೋಡೆಯ ಮೇಲಿನ ಚಿತ್ರ ಇಷ್ಟನ್ನು ಹೇಳಿ ನಿಲ್ಲುತ್ತದೆ. ಮುಂದಿನ ಎರಡು ಅಂಕಿಗಳೇ ಮುಖ್ಯವಾದವು. ಅದೇ 20 ಕಿಲೋವನ್ನು ನೆಟ್ಟಗೆ ನಿಂತು ಮೈಗೆ ಒತ್ತಿ ಹಿಡಿದಾಗ 1.1. ನೆಟ್ಟಗೇ ನಿಂತು ಎದೆಯಿಂದ 60 ಸೆಂಟಿಮೀಟರ್ ದೂರ ಚಾಚಿ ಹಿಡಿದಾಗ 1.8. ಬಗ್ಗದೆ, ಎತ್ತದೆ, ಸುಮ್ಮನೆ ದೂರ ಹಿಡಿದು ನಿಂತದ್ದಕ್ಕೆ ಮೊಣಕಾಲು ಮಡಿಸಿ ಎತ್ತಿದ್ದಕ್ಕಿಂತ ಹೆಚ್ಚು ಒತ್ತಡ. ಅಳತೆಗೆ ಒಡ್ಡಿಕೊಂಡದ್ದು ಒಂದೇ ಮೈ, ನಿಜ. ಆದರೆ ಏತಪಾತದ ಲೆಕ್ಕವೂ ಇದೇ ದಿಕ್ಕನ್ನು ತೋರಿಸುತ್ತದೆ.

ಮೊಣಕಾಲು ಮಡಿಸಿದರೂ ನೋವು ಬರುವ ಗುಟ್ಟು ಇಲ್ಲಿ ಬಯಲಾಗುತ್ತದೆ. ಎರಡು ಮೊಣಕಾಲುಗಳ ನಡುವೆ ಹಿಡಿಸುವಷ್ಟು ಚಿಕ್ಕ ವಸ್ತುವಾದರೆ ಕುಕ್ಕರಗಾಲಿನಲ್ಲಿ ಎತ್ತುವುದು ಸರಿ. ಟಿವಿಯ ದೊಡ್ಡ ಪೆಟ್ಟಿಗೆಯೋ ಒಣಮೆಣಸಿನಕಾಯಿಯ ಉಬ್ಬಿದ ಚೀಲವೋ ಆದರೆ ಅದು ಮೊಣಕಾಲಿನ ಆಚೆಯೇ ಉಳಿಯುತ್ತದೆ. ಮೊಣಕಾಲು ಹೆಚ್ಚು ಮಡಿಸಿದಷ್ಟೂ ಮುಂದೆ ಬಂದು ಹೊರೆಯನ್ನು ಇನ್ನಷ್ಟು ದೂರ ತಳ್ಳುತ್ತದೆ. ಮತ್ತೊಮ್ಮೆ ಸರಳವಾಗಿ ಹೇಳುವುದಾದರೆ, ಹೊರೆ ಹೊಟ್ಟೆಗೆ ಅಂಟಿರಬೇಕು. ಅಂಗಿ ಕೊಳೆಯಾದೀತೆಂದು ಸಿಮೆಂಟಿನ ಚೀಲವನ್ನೋ ಎಣ್ಣೆಯ ಡಬ್ಬವನ್ನೋ ಮೈಗೆ ತಾಗಿಸದೆ ಹಿಡಿಯುವವರು ಅಂಗಿಯನ್ನು ಉಳಿಸಿಕೊಂಡು ಸೊಂಟವನ್ನು ಕಳೆದುಕೊಳ್ಳುತ್ತಾರೆ. ಒಂದು ದಪ್ಪ ಗೋಣಿಯ ಮೇಲುಡುಪು ಈ ವಿಷಯದಲ್ಲಿ ಎಷ್ಟೋ ಉಪನ್ಯಾಸಗಳಿಗಿಂತ ಮೇಲು.

ಹಮಾಲರಿಗೆ ಈ ಲೆಕ್ಕ ಯಾರೂ ಕಲಿಸಿಲ್ಲ, ಆದರೆ ಅವರ ಕೆಲಸದ ರೀತಿಯಲ್ಲಿ ಅದು ಇದೆ. ಎಪಿಎಂಸಿ ಅಂಗಳದಲ್ಲಿ 50 ಕಿಲೋ ಚೀಲವನ್ನು ಒಬ್ಬನೇ ನೆಲದಿಂದ ಎತ್ತಿಕೊಳ್ಳುವುದು ಅಪರೂಪ. ಇಬ್ಬರು ಎರಡು ತುದಿ ಹಿಡಿದು ಎತ್ತಿ ಕೊಡುತ್ತಾರೆ, ಮೂರನೆಯವನು ಬೆನ್ನು ಒಡ್ಡುತ್ತಾನೆ. ಲಾರಿಯಿಂದ ಇಳಿಸುವಾಗಲೂ ಚೀಲ ಲಾರಿಯ ಅಂಚಿನಿಂದ ನೇರವಾಗಿ ಬೆನ್ನಿಗೆ ಜಾರುತ್ತದೆ. ಬೆನ್ನಿಗೆ ಅಂಟಿದ ಚೀಲಕ್ಕೆ ಮುಂದೆ ಚಾಚಿದ ತೋಳೇ ಇಲ್ಲ. ಸಿಂಬಿಯ ಮೇಲೆ ಜಲ್ಲಿ ತುಂಬಿದ ಬಾಂಡ್ಲಿ ಹೊರುವ ಹೆಂಗಸರದೂ ಇದೇ ಜಾಣ್ಮೆ, ಹೊರೆ ಬೆನ್ನುಮೂಳೆಯ ನೇರದಲ್ಲೇ ನಿಲ್ಲುತ್ತದೆ. ಹಾಗೆಂದು ಅವರ ಮೈ ಉಕ್ಕಿನದು ಎಂದು ಹೊಗಳಿ ಸುಮ್ಮನಾಗುವುದು ಅನ್ಯಾಯ. ಅವರು ಉಳಿಸಿಕೊಂಡ ಸೊಂಟದ ಬೆಲೆಯನ್ನು ಕುತ್ತಿಗೆ ಮತ್ತು ಮೊಣಕಾಲುಗಳು ತೆರುತ್ತವೆ. ಲಾರಿಗೆ ಹಾಕಿದ ಹಲಗೆ ಜಾರಿದರೆ ಯಾವ ಜಾಣ್ಮೆಯೂ ಕಾಯುವುದಿಲ್ಲ.

ಎಷ್ಟು ತೂಕ ಸರಿ ಎಂಬುದಕ್ಕೆ ಎರಡು ಬಗೆಯ ಅಂಕಿಗಳಿವೆ, ಅವುಗಳನ್ನು ಬೆರೆಸಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಮಾಡಿದ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಎಂಬ ಮೇಲ್ಮಿತಿಯನ್ನು ಹೇಳುತ್ತದೆ. ಅದೇ ವರ್ಷದ ಗರಿಷ್ಠ ತೂಕದ ಒಡಂಬಡಿಕೆಯನ್ನು ಭಾರತ 2010ರಲ್ಲಿ ಅಂಗೀಕರಿಸಿತು. 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದಿತು, ಅಂಕಿಯನ್ನು ನಿಯಮ ಮಾಡುವವರಿಗೆ ಬಿಟ್ಟಿತು. ಇವೆಲ್ಲ ದಾಟಬಾರದ ಗೆರೆಗಳೇ ಹೊರತು ದಿನವಿಡೀ ಎತ್ತಬಹುದಾದ ತೂಕಗಳಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿಕೊಟ್ಟ ಸೂತ್ರ ಎಲ್ಲವೂ ಅನುಕೂಲವಾಗಿದ್ದಾಗಲೂ 23 ಕಿಲೋದಿಂದ ಶುರುವಾಗುತ್ತದೆ. ವಸ್ತು ಕಣಕಾಲಿನ ನೇರದಿಂದ 25 ಸೆಂಟಿಮೀಟರ್ ಒಳಗಿರಬೇಕು, ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಮೈ ತಿರುಚಬಾರದು. ದೂರ 50 ಸೆಂಟಿಮೀಟರ್ ಆದರೆ 23 ಅರ್ಧಕ್ಕೆ ಇಳಿಯುತ್ತದೆ. ನೆಲದಿಂದ ಎತ್ತುವುದಾದರೆ 18ಕ್ಕೂ ಸ್ವಲ್ಪ ಕಡಿಮೆ. ಅಡುಗೆ ಅನಿಲದ ತುಂಬಿದ ಸಿಲಿಂಡರ್ ಸುಮಾರು 30 ಕಿಲೋ, ಸಿಮೆಂಟಿನ ಚೀಲ 50. ಹಿಂದೆ ಕ್ವಿಂಟಲ್ ಚೀಲವನ್ನು ಹೊರುತ್ತಿದ್ದೆವು ಎಂದು ಹೆಮ್ಮೆಪಡುವ ಹಿರಿಯರ ಮೊಣಕಾಲುಗಳನ್ನು ಒಮ್ಮೆ ಕೇಳಿ ನೋಡಬೇಕು.

ಸೊಂಟಕ್ಕೆ ಪಟ್ಟಿ ಬಿಗಿದರೆ ಬೆನ್ನು ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸಾಯುವುದೇ ಇಲ್ಲ. ಅಮೆರಿಕದ ಅಂಗಡಿ ನೌಕರರಲ್ಲಿ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ ಪಟ್ಟಿ ಧರಿಸಿದವರಿಗೂ ಧರಿಸದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯ ಧೈರ್ಯದಿಂದ ಹೆಚ್ಚು ಎತ್ತುವುದೇ ಅದರ ಅಪಾಯ. ಇನ್ನು ಡಿಸ್ಕ್ ಜಾರುವುದು ಎಂಬ ಮಾತು. ಡಿಸ್ಕ್ ಸೋಪಿನ ಹಾಗೆ ಜಾರುವುದಿಲ್ಲ, ಅದರ ಹೊರಪದರ ಉಬ್ಬುತ್ತದೆ ಅಥವಾ ಸೀಳುತ್ತದೆ. ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐ ಚಿತ್ರದಲ್ಲೂ ಉಬ್ಬು ಕಾಣುತ್ತದೆ. ಜಾರಿದ್ದನ್ನು ತುಳಿದು ಕೂರಿಸುತ್ತೇವೆ ಎನ್ನುವವರ ಕಾಲಡಿಗೆ ಬೆನ್ನು ಕೊಡುವುದು ಶುದ್ಧ ಅವಿವೇಕ. ಸಾಮಾನ್ಯ ಸೊಂಟನೋವಿಗೆ ವಾರಗಟ್ಟಲೆ ಮಲಗುವುದನ್ನೂ ವೈದ್ಯರು ಈಗ ಹೇಳುವುದಿಲ್ಲ. ಆದಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಳ್ಳುತ್ತಾರೆ.

ದೂರದ ಮಾತಿಗೇ ಹೆಚ್ಚು ಹೊತ್ತು ಹೋದದ್ದರಿಂದ ಉಳಿದದ್ದು ಚುಟುಕಾಗಿ. ಎತ್ತುವವನನ್ನು ತಿದ್ದುವುದಕ್ಕಿಂತ ಎತ್ತುವ ಜಾಗವನ್ನು ತಿದ್ದುವುದು ಫಲಕಾರಿ. ಬರಿಯ ತರಬೇತಿಯಿಂದ ಬೆನ್ನುನೋವು ಕಡಿಮೆಯಾದದ್ದಕ್ಕೆ ಗಟ್ಟಿ ಆಧಾರವಿಲ್ಲ. ಭಾರದ ಚೀಲಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಕಟ್ಟೆಯ ಮೇಲಿಡಬೇಕು. ಕೈಗಾಡಿ ಇದ್ದಲ್ಲಿ ಹೊರುವ ಮಾತೇ ಇಲ್ಲ, ಅದನ್ನು ಎಳೆಯುವುದಕ್ಕಿಂತ ತಳ್ಳುವುದು ಹಗುರ. ತಿರುಗುವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಊದಿಕೊಂಡಿರುತ್ತವೆ, ಬೆಳಿಗ್ಗೆ ಮನುಷ್ಯ ಒಂದೆರಡು ಸೆಂಟಿಮೀಟರ್ ಎತ್ತರವೂ ಇರುತ್ತಾನೆ. ಬಿಗಿದುಕೊಂಡ ಆ ಡಿಸ್ಕುಗಳ ಮೇಲೆ ಎದ್ದ ಕೂಡಲೇ ಬಗ್ಗಿ ಭಾರ ಎತ್ತಬಾರದು, ಒಂದು ಗಂಟೆಯಾದರೂ ಓಡಾಡಿರಬೇಕು. ಬೆಳಗಿನ ಜಾವ ಹಾಲಿನ ಕ್ರೇಟು ಇಳಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಕೂತಾಗ ನೆಲಕ್ಕೆ ತಾಗುವ ಭಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಎಣ್ಣೆ ತಿಕ್ಕುತ್ತ ಕಾಯುವಂತಿಲ್ಲ. ನರಗಳು ಅಮುಕಿಹೋಗಿರುವ ಸೂಚನೆ ಅದು, ಆ ದಿನವೇ ಆಸ್ಪತ್ರೆ ಸೇರಬೇಕು.