ವೇಳೆ ತಪ್ಪಿದ ಎಂಜಿನ್ನು
(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸಮ್ಮೇಳನದ ದಿನ ಮುಖ್ಯಾಧ್ಯಾಪಕನು ಮೋಟಾರು ಎಂಜಿನ್ನಿನ ಮಾತನ್ನೆತ್ತಿದರೆ ತಮಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ವಿಷಯ. ಕೊಲ್ಹಾಪುರದ ಉದ್ಯಮನಗರದಲ್ಲಿ ಎರಕ ಮತ್ತು ಲೇಥಿನ ಕೆಲಸ. ಇಚಲಕರಂಜಿಯಲ್ಲಿ 1904ರಿಂದ ನಡೆದುಬಂದಿರುವ ಯಂತ್ರಮಗ್ಗ. ಗಡಹಿಂಗ್ಲಜದ ಸುತ್ತ ಕಬ್ಬು ಸಾಗಿಸುವ ವಾಹನಗಳು. ಈ ಸಭೆಯಲ್ಲಿರುವ ಅನೇಕರ ಅನ್ನವು ಯಂತ್ರದಿಂದಲೇ ಹುಟ್ಟುತ್ತದೆ. ಬಿಚ್ಚಿ ಮತ್ತೆ ಜೋಡಿಸಿದ ಎಂಜಿನ್ನು ಸರಿಯಾಗಿ ನಡೆಯದಿದ್ದರೆ ಅದರ ದೋಷವನ್ನು ಹುಡುಕುವ ಬಗೆ ಯಾವುದು? ಇದನ್ನೇ ಇಂದು ತಮ್ಮೆದುರಿಗೆ ಇಡಬಯಸುತ್ತೇನೆ.

ಮೊದಲು ಎಂಜಿನ್ನಿನ ವೇಳಾಪತ್ರಕವನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿನ ಪಿಸ್ಟನ್ನು ನಾಲ್ಕು ಹೊಡೆತಗಳಲ್ಲಿ ಒಂದು ಆವರ್ತನೆಯನ್ನು ಮುಗಿಸುತ್ತದೆ: ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೀರುವುದು, ಒತ್ತುವುದು, ಉರಿದು ಕೆಳಕ್ಕೆ ತಳ್ಳಲ್ಪಡುವುದು, ಹೊಗೆಯನ್ನು ಹೊರದೂಡುವುದು. ಇಷ್ಟರಲ್ಲಿ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗುತ್ತದೆ. ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವು ಒಂದೇ ಸುತ್ತು. ಸಿಡಿಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರು, ಹಳೆಯ ಕಾರುಗಳಲ್ಲಿ, ಈ ಕ್ಯಾಮ್ ದಂಡದಿಂದಲೇ ತಿರುಗುತ್ತದೆ. ಅಂದರೆ ಕಿಡಿಯು ತನ್ನ ವೇಳೆಯನ್ನು ಕ್ಯಾಮಿನಿಂದ ಪಡೆಯುತ್ತದೆ. ಕ್ಯಾಮು ಕ್ರ್ಯಾಂಕಿನಿಂದ ಪಡೆಯುತ್ತದೆ. ಈ ಕ್ರಮವನ್ನು ನೆನಪಿನಲ್ಲಿಡಿರಿ.

ಇಚಲಕರಂಜಿಯ ಮಕ್ಕಳಿಗೆ ಇದು ಹೊಸದಲ್ಲ. ಸಾದಾ ನೇಯ್ಗೆಯ ಲಾಳಿಮಗ್ಗದಲ್ಲಿ ಮೇಲಿನ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಿದಾಗ ಕೆಳಗಿನ ದಂಡವು ಒಂದು ಸುತ್ತು ತಿರುಗುತ್ತದೆ. ಲಾಳಿಯನ್ನು ಹೊಡೆಸುವ ಕ್ಯಾಮು ಆ ಕೆಳಗಿನ ದಂಡದ ಮೇಲಿದೆ. ಹಾಸಿನ ಎಳೆಗಳು ಬಾಯಿ ತೆರೆದಿರುವಾಗಲೇ ಲಾಳಿಯು ದಾಟಬೇಕು. ತಡವಾದರೆ ಎಳೆಗಳ ನಡುವೆ ಸಿಕ್ಕಿ ಅವನ್ನು ಹರಿಯುತ್ತದೆ. ಮಗ್ಗದ ಭಾಗಗಳೆಲ್ಲ ಗಟ್ಟಿಯಾಗಿದ್ದರೂ ವೇಳೆ ತಪ್ಪಿದರೆ ಬಟ್ಟೆ ಕೆಡುತ್ತದೆ. ಎಂಜಿನ್ನಿನ ಮಾತೂ ಅದೇ.

ಇನ್ನು ಒಂದು ಉದಾಹರಣೆ. ಗಡಹಿಂಗ್ಲಜ ಕಡೆಯ ಪಾಲಕರೊಬ್ಬರಿಗೆ ಹಳೆಯ ಅಂಬಾಸಿಡರ್ ಕಾರೊಂದಿತ್ತು, 1489 ಸಿ.ಸಿ. ಪೆಟ್ರೋಲ್ ಎಂಜಿನ್ನು. ಅದರ ಬಾಡಿಗೆಯಿಂದಲೇ ಸಂಸಾರ ಸಾಗುತ್ತಿತ್ತು. ಸಾಲ ಮಾಡಿ ಎಂಜಿನ್ನನ್ನು ಬೋರು ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗುಗಳನ್ನು ಹಾಕಿಸಿದರು. ಕಾರು ಹೊರಟಿತು, ಆದರೆ ಬಲವಿಲ್ಲ, ಬೇಗನೆ ಕಾಯುತ್ತದೆ. ಗ್ಯಾರೇಜಿನವರು ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿದರು. ಕಾವು ಇಳಿಯಿತು, ಸದ್ದು ಹಿತವಾಯಿತು, ಎಲ್ಲರೂ ಸಮಾಧಾನಪಟ್ಟರು. ಮುಂದೆ ಸಾವಂತವಾಡಿಯಿಂದ ಮರಳುವಾಗ ಆಂಬೋಲಿ ಘಾಟು ಬಂದಿತು, ಕಾರು ಏರಲೊಲ್ಲದು. ಕಾರ್ಬ್ಯುರೇಟರ್ ಬದಲಾಯಿತು, ಪ್ಲಗ್ಗುಗಳು ಬದಲಾದವು. ಕೊನೆಗೆ, ಎಂಜಿನ್ನನ್ನು ಮತ್ತೆ ಇಳಿಸಬೇಕೆಂಬ ಸಲಹೆ ಬಂದಿತು. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣಕ್ಕೆ ಕೈಹಾಕುವ ಹೊತ್ತು ಅದು.

ಆಗ ಕೊಲ್ಹಾಪುರದಲ್ಲಿ ಮಿಸ್ತ್ರಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಾರನ್ನು ನೋಡಿದನು. ಆತನು ಏನನ್ನೂ ತಿರುಗಿಸಲಿಲ್ಲ, ಬಿಚ್ಚಲಿಲ್ಲ, ಮೊದಲು ಅಳೆದನು. ನಾಲ್ಕೂ ಸಿಲಿಂಡರುಗಳ ಒತ್ತಡವು ಒಂದಕ್ಕೊಂದು ಸಮನಾಗಿತ್ತು. ಆದರೆ ನಾಲ್ಕರಲ್ಲಿಯೂ ಕಡಿಮೆಯಾಗಿತ್ತು. ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆದನು. ರಿಂಗಿನ ದೋಷವಿದ್ದರೆ ಒತ್ತಡವು ಚೆನ್ನಾಗಿ ಏರಬೇಕಾಗಿತ್ತು, ಏರಲಿಲ್ಲ. ಹೊಸ ರಿಂಗುಗಳು ನಿರ್ದೋಷಿಗಳೆಂದು ತಿಳಿಯಿತು. ನಾಲ್ಕಕ್ಕೂ ಒಂದೇ ರೋಗವಿದ್ದರೆ ನಾಲ್ಕಕ್ಕೂ ಸಂಬಂಧಿಸಿದ ಕಾರಣವೇ ಇರಬೇಕು. ಅದು ಕ್ಯಾಮ್ ದಂಡ.

ಬಳಿಕ ವಾಲ್ವಿನ ಮುಚ್ಚಳವನ್ನು ತೆಗೆದು, ಕೈಯಿಂದ ಎಂಜಿನ್ನನ್ನು ತಿರುಗಿಸಿ, ಮೊದಲನೆಯ ಸಿಲಿಂಡರಿನ ಪಿಸ್ಟನ್ನನ್ನು ತುದಿಗೆ ತಂದನು. ಪಿಸ್ಟನ್ನು ಒಂದು ಆವರ್ತನೆಯಲ್ಲಿ ಎರಡು ಸಲ ತುದಿಗೆ ಬರುತ್ತದೆ: ಒಮ್ಮೆ ಒತ್ತುವ ಹೊಡೆತದ ಕೊನೆಗೆ, ಇನ್ನೊಮ್ಮೆ ಹೊಗೆಯನ್ನು ದೂಡುವ ಹೊಡೆತದ ಕೊನೆಗೆ. ಈ ಎರಡನ್ನು ಅದಲುಬದಲು ಮಾಡಿ ಡಿಸ್ಟ್ರಿಬ್ಯೂಟರನ್ನು ಕೂಡಿಸಿದರೆ ಎಂಜಿನ್ನು ಕೆಮ್ಮುತ್ತದೆಯೇ ಹೊರತು ಹೊರಡುವುದಿಲ್ಲ. ಮೊದಲನೆಯದು ಒತ್ತಡದ ತುದಿಯಲ್ಲಿರುವಾಗ ಅದರ ಎರಡೂ ವಾಲ್ವುಗಳು ಮುಚ್ಚಿರುತ್ತವೆ. ಆಗಲೇ ನಾಲ್ಕನೆಯದರ ಒಂದು ವಾಲ್ವು ಮುಚ್ಚುತ್ತ, ಇನ್ನೊಂದು ತೆರೆಯುತ್ತ, ತಕ್ಕಡಿಯ ತಟ್ಟೆಗಳಂತೆ ಸುಮಾರು ಸಮನಾಗಿರಬೇಕು. ಈ ಕಾರಿನಲ್ಲಿ ಹೊಗೆಯ ವಾಲ್ವು ಇನ್ನೂ ಬಹಳ ತೆರೆದಿತ್ತು, ಹೀರುವ ವಾಲ್ವು ಇನ್ನೂ ಅಲುಗಿರಲಿಲ್ಲ. ಕ್ಯಾಮು ತಡವಾಗಿತ್ತು. ರೇಡಿಯೇಟರನ್ನು ಇಳಿಸಿ ಮುಂದಿನ ಮುಚ್ಚಳವನ್ನು ತೆಗೆದಾಗ, ಎದುರುಬದುರಾಗಿ ನಿಲ್ಲಬೇಕಾದ ಚುಕ್ಕೆಗಳು ಚೈನಿನ ಒಂದು ಹಲ್ಲಿನಷ್ಟು ತಪ್ಪಿದ್ದವು.

ಒಂದೇ ಹಲ್ಲು! ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಕ್ಯಾಮಿನ ಚಕ್ರಕ್ಕೆ 40 ಹಲ್ಲುಗಳಿವೆಯೆಂದು ಎಣಿಸಿದರೆ, 360ನ್ನು 40ರಿಂದ ಭಾಗಿಸಲು ಒಂದು ಹಲ್ಲಿಗೆ 9 ಡಿಗ್ರಿ. ಕ್ರ್ಯಾಂಕು ಇಮ್ಮಡಿ ತಿರುಗುವುದರಿಂದ ಅದರ ಲೆಕ್ಕದಲ್ಲಿ 18 ಡಿಗ್ರಿ. ಕ್ಯಾಮು ತಡವಾದಾಗ ಅದನ್ನು ಅವಲಂಬಿಸಿದ ಕಿಡಿಯೂ ತಡವಾಯಿತು, ಎಂಜಿನ್ನು ಕಾಯ್ದಿತು. ಡಿಸ್ಟ್ರಿಬ್ಯೂಟರನ್ನು ತಿರುಗಿಸಿದಾಗ ಕಿಡಿ ಮಾತ್ರ ತನ್ನ ವೇಳೆಗೆ ಬಂದಿತು. ವಾಲ್ವುಗಳು ತಡವಾಗಿಯೇ ಉಳಿದವು. ಮೂಲದೋಷವು ಹೋಗಲಿಲ್ಲ, ಮರೆಯಾಯಿತು. ಮರೆಯಾದ ದೋಷವು ಘಾಟಿನಲ್ಲಿ ಬಯಲಾಯಿತು.

ಚೈನು ಸರಿಯಾದ ಮೇಲೆ ಆತನು ಉಳಿದುದನ್ನು ಕ್ರಮವಾಗಿಯೇ ಮಾಡಿದನು. ಮೊದಲು ವಾಲ್ವಿನ ಸಂದು. ಅನಂತರ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಸಂದು, ಸುಮಾರು 0.4 ಮಿಲಿಮೀಟರು. ಈ ಸಂದು ಹಿಗ್ಗಿದರೆ ಕಿಡಿ ಬೇಗ ಬರುತ್ತದೆ, ಕುಗ್ಗಿದರೆ ತಡವಾಗುತ್ತದೆ. ಆದ್ದರಿಂದ ಕಿಡಿಯ ವೇಳೆಗಿಂತ ಮೊದಲೇ ಇದನ್ನು ನಿಶ್ಚಯಿಸಬೇಕು. ಆಮೇಲೆ ಪಾಯಿಂಟಿಗೆ ಚಿಕ್ಕ ದೀಪ ಜೋಡಿಸಿ, ಅವು ಬೇರ್ಪಡುವ ಕ್ಷಣದಲ್ಲಿ ದೀಪ ಹೊತ್ತುವಂತೆ ಗುರುತಿಗೆ ಹೊಂದಿಸಿದನು. ಕೊನೆಗೆ ಪ್ಲಗ್ಗಿನ ತಂತಿಗಳನ್ನು 1-3-4-2 ಎಂಬ ಸರದಿಯಲ್ಲಿ ನೋಡಿಕೊಂಡನು. ಕಾರು ಮರುವಾರ ಆಂಬೋಲಿ ಘಾಟನ್ನು ಏರಿತು. ಕೂಡಿಟ್ಟ ಹಣವು ಕಾಲೇಜಿಗೇ ಉಳಿಯಿತು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂದಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಕ್ರ್ಯಾಂಕಿಗೂ ಕ್ಯಾಮಿಗೂ ಬೇರೆಬೇರೆ ಸಂವೇದಕಗಳಿದ್ದು, ಅವೆರಡರ ವೇಳೆ ಕೂಡದಿದ್ದರೆ ಗಣಕವೇ ಸೂಚನೆ ಕೊಡುತ್ತದೆ. ಆದರೆ ಚೈನು ಜಿಗಿದಿದೆಯೋ, ಸಂವೇದಕ ಕೆಟ್ಟಿದೆಯೋ, ತಂತಿ ಹರಿದಿದೆಯೋ ಎಂಬುದನ್ನು ಮನುಷ್ಯನೇ ಹುಡುಕಬೇಕು.

ವಿದ್ಯಾರ್ಥಿಗಳೇ, ಕೈಗೆ ಸುಲಭವಾಗಿ ಸಿಕ್ಕುವ ತಿರುಪನ್ನು ತಿರುಗಿಸುವುದು ದುರಸ್ತಿಯಲ್ಲ. ಮೊದಲು ಅಳೆಯಿರಿ, ಯಾವುದು ಯಾವುದನ್ನು ಅವಲಂಬಿಸಿದೆಯೆಂದು ವಿಚಾರಿಸಿರಿ, ಮೂಲದಿಂದ ಹೊರಡಿರಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಗಣಿತದಲ್ಲಿ ಉತ್ತರ ತಪ್ಪಿದಾಗ ಕೊನೆಯ ಸಾಲನ್ನಷ್ಟೇ ತಿದ್ದುವವನು ಡಿಸ್ಟ್ರಿಬ್ಯೂಟರನ್ನು ತಿರುಗಿಸಿದವನ ಜಾತಿಯವನೇ. ಪಾಲಕರಲ್ಲಿಯೂ ಒಂದು ವಿನಂತಿ: ಮಗುವಿನ ಅಂಕ ಕಡಿಮೆಯಾದರೆ ಕೂಡಲೇ ಗದರಿಸಬೇಡಿರಿ, ಯಾವ ಹಲ್ಲು ಎಲ್ಲಿ ತಪ್ಪಿದೆಯೆಂದು ನಮ್ಮೊಡನೆ ಕೂಡಿ ನೋಡಿರಿ.