ಕೋರ್ಟಿನ ಕಾಗದ ಬಂದಾಗ



ಸಂತೋಷದ ಕೂಟದಲ್ಲಿ ವಿಚ್ಛೇದನದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಾನು ವಕೀಲನಲ್ಲ, ಕಂಪ್ಯೂಟರ್ ಮುಂದೆ ಕೂರುವವನು. ಆದರೆ ಕ್ಯಾಲಿಫೋರ್ನಿಯಾದ ನಮ್ಮ ಮನೆಗಳಿಗೂ ಈ ಕಾಗದ ಬರುತ್ತದೆ. ಬಂದಾಗ ಅದನ್ನು ಬೀರುವಿನಲ್ಲಿಟ್ಟು, "ಊರಿನಿಂದ ಹಿರಿಯರು ಬರಲಿ, ಮಾತಾಡೋಣ" ಎಂದು ಕಾಯುವವರೂ ಇದ್ದಾರೆ.

ದಯವಿಟ್ಟು ಕಾಯಬೇಡಿ. ಕಾಗದ ಜಾರಿಯಾದ 30 ದಿನಗಳೊಳಗೆ ಉತ್ತರ ಸಲ್ಲಿಸಬೇಕು. ಇಲ್ಲದಿದ್ದರೆ ಮಕ್ಕಳು, ಮನೆ, ಜೀವನಾಂಶ ಎಲ್ಲವೂ ನಿಮ್ಮ ಮಾತು ಕೇಳದೆಯೇ ತೀರ್ಮಾನವಾಗಬಹುದು. ಉತ್ತರ ಕೊಟ್ಟ ಮೇಲೂ ರಾಜಿಗೆ ಅವಕಾಶವಿದೆ. ಸಮನ್ಸಿನಲ್ಲೇ ಇನ್ನೊಂದು ಆದೇಶವಿರುತ್ತದೆ: ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಇಲ್ಲದೆ ಇಬ್ಬರಲ್ಲಿ ಯಾರೂ ಮಗುವನ್ನು ರಾಜ್ಯದಾಚೆ ಕರೆದೊಯ್ಯುವಂತಿಲ್ಲ. ಬೇಸರದಲ್ಲಿ ಮಗುವಿನೊಂದಿಗೆ ಬೆಂಗಳೂರಿನ ವಿಮಾನ ಹತ್ತಿದರೆ ಕಷ್ಟ ಇಮ್ಮಡಿಯಾದೀತು.

"ಬ್ಯಾಂಕ್ ಖಾತೆ ಅವರ ಹೆಸರಲ್ಲಿದೆ, ವಕೀಲರಿಗೆ ದುಡ್ಡೆಲ್ಲಿಂದ ತರಲಿ?" ಪ್ರತಿ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲೂ ಫ್ಯಾಮಿಲಿ ಲಾ ಫೆಸಿಲಿಟೇಟರ್ ಎಂಬ ವಕೀಲರಿದ್ದಾರೆ. ಶುಲ್ಕವಿಲ್ಲದೆ ಫಾರಂ ತುಂಬಲು ನೆರವಾಗುತ್ತಾರೆ. ಆದರೆ ಅವರು ಎರಡೂ ಕಡೆಯವರಿಗೆ ಸಹಾಯ ಮಾಡುವವರು. ನಿಮ್ಮ ಪರ ವಾದಿಸುವುದಿಲ್ಲ, ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಆದಾಯ ಕಡಿಮೆಯಿದ್ದರೆ ಕೋರ್ಟಿನ ಶುಲ್ಕ ಮನ್ನಾ ಕೇಳಬಹುದು. ಹೆಚ್ಚು ಗಳಿಸುವ ಸಂಗಾತಿಯೇ ಇನ್ನೊಬ್ಬರ ವಕೀಲರ ಖರ್ಚು ಕೊಡಬೇಕೆಂದು ಫ್ಯಾಮಿಲಿ ಕೋಡಿನ 2030ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ಗಂಡಸಾಗಲಿ, ಹೆಂಗಸಾಗಲಿ, ಕಾನೂನು ಒಂದೇ.

ಎಚ್-4 ವೀಸಾದಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ವಿಚ್ಛೇದನ ಅಂತಿಮವಾದರೆ ಆ ವೀಸಾದ ಆಧಾರವೇ ಹೋಗುತ್ತದೆ. ಕಾಗದ ಜಾರಿಯಾಗಿ ಆರು ತಿಂಗಳಾಗುವ ಮೊದಲು ಇಲ್ಲಿ ವಿಚ್ಛೇದನ ಅಂತಿಮವಾಗದು. ಅಷ್ಟರೊಳಗೆ ಇಮಿಗ್ರೇಶನ್ ವಕೀಲರನ್ನು ಕಾಣಿರಿ. ಮನೆಯಲ್ಲಿ ಹಿಂಸೆ ನಡೆದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಎಚ್-1ಬಿ ಉದ್ಯೋಗಿಯಿಂದ ಹಿಂಸೆಗೊಳಗಾದ ಸಂಗಾತಿ ತನ್ನದೇ ಕೆಲಸದ ಪರವಾನಗಿ ಕೇಳಲು ಕಾನೂನಿನಲ್ಲಿ ದಾರಿಯಿದೆ.

ಊರಿನಲ್ಲಿ ಮದುವೆಯಾದವರಿಗೆ ಇನ್ನೊಂದು ತೊಡಕು. ಮಿಸೌರಿಯ ಕೋರ್ಟು ಕೊಟ್ಟ ವಿಚ್ಛೇದನವೊಂದನ್ನು ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ, ನರಸಿಂಹ ರಾವ್ ಪ್ರಕರಣದಲ್ಲಿ, ಮಾನ್ಯ ಮಾಡಲಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿಲ್ಲದ ಕಾರಣಕ್ಕೆ, ಹೆಂಡತಿಯ ಒಪ್ಪಿಗೆಯಿಲ್ಲದೆ ಪಡೆದದ್ದು ಅದು. ಇಲ್ಲಿ ಬೇರೆಯಾದವರು ಅಲ್ಲಿ ಗಂಡ ಹೆಂಡತಿಯಾಗಿಯೇ ಉಳಿಯಬಹುದು! ಮರುಮದುವೆಗೆ ಮೊದಲು ಅಲ್ಲಿಯ ವಕೀಲರನ್ನೂ ಕೇಳಿ.

ಕೋರ್ಟಿನ ಸಹಾಯ ಕೇಂದ್ರಗಳ ಪಟ್ಟಿಯನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟಿದ್ದೇವೆ. ಯಾರೂ ಹೆಸರು ಬರೆಯಬೇಕಾಗಿಲ್ಲ. ಹೋಗುವಾಗ ತೆಗೆದುಕೊಂಡು ಹೋಗಿ.