ರಾಜ್ಯದ ಮಸೂದೆ, ಕೌಂಟಿಯ ಕಾಗದ
(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಕಾನೂನು ಮಾಡುವವರು ಯಾರೆಂದು ಕೇಳಿದರೆ ಶಾಸಕರು ಎಂದು ಹೇಳಿ ಸುಮ್ಮನಾಗುವುದು ನಮಗೆ ರೂಢಿ. ಆ ಶಾಸಕರ ಕಿವಿಗೆ ಮಾತು ಹಾಕುವವರು ಯಾರೆಂಬುದನ್ನು ನಾವು ಕೇಳುವುದು ಕಡಿಮೆ. ಮಾಲೀಕರ ಸಂಘಗಳು ಹಾಕುತ್ತವೆ, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಒಂದು ಸರ್ಕಾರವೇ ಇನ್ನೊಂದು ಸರ್ಕಾರದ ಬಾಗಿಲಿಗೆ ಹೋಗಿ, ಈ ಮಸೂದೆ ಬೇಕು, ಅದು ಬೇಡ ಎಂದು ಕಾಗದ ಕೊಡುವುದೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದು ನಿತ್ಯದ ಕೆಲಸವಾಗಿದೆ. ದುಡಿಯುವವರ ಅನ್ನಕ್ಕೂ ಈ ಕಾಗದಕ್ಕೂ ಗಂಟು ಇರುವುದರಿಂದ ಇಂದು ಅದನ್ನೇ ಬಿಡಿಸಿ ನೋಡೋಣ.

ಆ ರಾಜ್ಯದಲ್ಲಿ 58 ಕೌಂಟಿಗಳಿವೆ. ಕೌಂಟಿಯೆಂದರೆ ಜಿಲ್ಲೆ ಎಂದು ತಿಳಿದರೆ ಸಾಕು. ಆದರೆ ಅದನ್ನು ಆಳುವವರು ಮೇಲಿನಿಂದ ಬಂದ ಅಧಿಕಾರಿಯಲ್ಲ, ಜನ ಆರಿಸಿದ ಮಂಡಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹನ್ನೊಂದು ಮಂದಿ, ಉಳಿದೆಡೆ ಐವರು. ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆ ಒಂದು ಕೋಟಿಯ ಹತ್ತಿರ, ಅಲ್ಲಿಯೂ ಐವರೇ. ಅದನ್ನು ಒಂಬತ್ತಕ್ಕೆ ಏರಿಸಬೇಕೆಂದು ಮತದಾರರು 2024ರ ನವೆಂಬರಿನಲ್ಲಿ ತೀರ್ಮಾನಿಸಿದರು. ಆಲ್ಪೈನ್ ಎಂಬ ಮಲೆಸೀಮೆಯ ಕೌಂಟಿಯಲ್ಲಿ ಸುಮಾರು 1,200 ಜನ, ಅಂದರೆ ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ಸೆರೆಮನೆ, ಸಾರ್ವಜನಿಕ ಆರೋಗ್ಯ, ಬಡವರ ನೆರವು, ಚುನಾವಣೆ ಇವೆಲ್ಲ ಕೌಂಟಿಯ ತಲೆಯ ಮೇಲಿವೆ. ಆದರೆ ರಾಜ್ಯದ ಸಂವಿಧಾನದ ಪ್ರಕಾರ ಕೌಂಟಿ ರಾಜ್ಯದ ಒಂದು ವಿಭಾಗ ಮಾತ್ರ. ರಾಜಧಾನಿ ಸ್ಯಾಕ್ರಮೆಂಟೊ ಹೇಳಿದ ಕೆಲಸವನ್ನು ಅದು ಮಾಡಲೇಬೇಕು.

ಹೇಳುವವರು ಒಬ್ಬರು, ಮಾಡುವವರು ಇನ್ನೊಬ್ಬರು, ದುಡ್ಡು ಯಾರದು? ಜಗಳವೆಲ್ಲ ಇಲ್ಲೇ ಇದೆ. 1978ರಲ್ಲಿ ಮತದಾರರು 13ನೆಯ ಪ್ರಸ್ತಾವವನ್ನು ಒಪ್ಪಿ, ಆಸ್ತಿ ತೆರಿಗೆಯ ಮೂಲ ದರ ಶೇಕಡಾ ಒಂದನ್ನು ಮೀರಬಾರದೆಂದು ಕಟ್ಟುಹಾಕಿದರು. ಅಂದಿನಿಂದ ಕೌಂಟಿಗಳು ರಾಜ್ಯದ ಕೈ ನೋಡುವಂತಾಯಿತು. ಹೊಸ ಹೊಣೆ ಹೊರಿಸಿದರೆ ಅದರ ವೆಚ್ಚವನ್ನು ರಾಜ್ಯವೇ ತುಂಬಿಕೊಡಬೇಕೆಂದು 1979ರಲ್ಲಿ ಸಂವಿಧಾನಕ್ಕೆ ಸೇರಿಸಿದರು, ನಿಜ. ಆದರೆ ಅದಕ್ಕೆ ವಿನಾಯಿತಿಗಳಿವೆ, ಆಯೋಗವಿದೆ, ಆಯೋಗದ ಮುಂದೆ ವರ್ಷಗಟ್ಟಲೆ ವಾದವಿದೆ. ಆದುದರಿಂದ ಮಸೂದೆ ಕಾನೂನಾಗುವ ಮೊದಲೇ ಕೂಗೆಬ್ಬಿಸುವುದು ಲೇಸೆಂದು ಕೌಂಟಿಗಳು ಕಂಡುಕೊಂಡಿವೆ. 2022ರಲ್ಲಿ ತೀವ್ರ ಮಾನಸಿಕ ರೋಗಿಗಳ ಚಿಕಿತ್ಸೆಯನ್ನು ನ್ಯಾಯಾಲಯದ ಮೂಲಕ ನಡೆಸುವ ಮಸೂದೆ ಬಂದಾಗ, ಹಣ ಬೇಕು, ಕಾಲಾವಕಾಶ ಬೇಕು ಎಂದು ಅವು ಪಟ್ಟು ಹಿಡಿದವು. ಕೊನೆಗೆ ಕಾನೂನು ಹಂತಹಂತವಾಗಿ ಜಾರಿಗೆ ಬಂತು: ಮೊದಲು ಏಳು ಕೌಂಟಿಗಳಲ್ಲಿ 2023ರ ಅಕ್ಟೋಬರಿನಲ್ಲಿ, ಉಳಿದವುಗಳಿಗೆ 2024ರ ಡಿಸೆಂಬರಿನವರೆಗೆ ಅವಧಿ. ಅಂಥ ಕಡೆ ಕೌಂಟಿಯ ಕೂಗು ನ್ಯಾಯವಾದದ್ದೇ.

ನಿಲುವು ತಿಳಿಸುವ ಬಗೆ ಹೀಗಿದೆ. ಬೆಂಬಲ, ವಿರೋಧ, ತಿದ್ದಿದರೆ ಬೆಂಬಲ, ತಿದ್ದದಿದ್ದರೆ ವಿರೋಧ, ಕಾದು ನೋಡುವುದು. ಕಾಗದದಲ್ಲಿ ಇವುಗಳಲ್ಲಿ ಒಂದಿರುತ್ತದೆ. ಮಸೂದೆಯ ವಿಚಾರಣೆ ನಡೆಸುವ ಸಮಿತಿಗೆ ಅದು ಹೋಗುತ್ತದೆ. ಸಮಿತಿಯ ಸಿಬ್ಬಂದಿ ಬರೆಯುವ ವಿಶ್ಲೇಷಣೆಯ ಕೊನೆಯಲ್ಲಿ ಪರ ಯಾರು, ವಿರೋಧ ಯಾರು ಎಂಬ ಪಟ್ಟಿ ಅಚ್ಚಾಗುತ್ತದೆ. ಶಾಸಕರಲ್ಲಿ ಹಲವರು ಮೊದಲು ತಿರುವುವುದು ಆ ಕೊನೆಯ ಹಾಳೆಯನ್ನೇ ಎಂದರೆ ನಮಗೇನೂ ಆಶ್ಚರ್ಯವಿಲ್ಲ. ಇದಕ್ಕೆಂದು ಸ್ಯಾಕ್ರಮೆಂಟೊದಲ್ಲಿ ಸಂಬಳ ಕೊಟ್ಟು ಪ್ರತಿನಿಧಿಗಳನ್ನು ಇಡಲು ಕಾನೂನೇ ಕೌಂಟಿಗಳಿಗೆ ಅನುಮತಿ ಕೊಟ್ಟಿದೆ. ಸಂಬಳ ತೆರಿಗೆಯ ಹಣದಿಂದಲೇ. ಇದಲ್ಲದೆ 58 ಕೌಂಟಿಗಳೂ ಸೇರಿದ ರಾಜ್ಯ ಸಂಘವೊಂದಿದೆ; ಅದು ಎಲ್ಲರ ಪರವಾಗಿ ಮಾತಾಡುತ್ತದೆ.

ಆದರೆ ಸಂಗಾತಿಗಳೇ, ಕೌಂಟಿ ಬರಿಯ ಜನರ ಬಾಯಲ್ಲ, ಅದು ಮಾಲೀಕನೂ ಹೌದು. ದಾದಿಯರು, ಗುಮಾಸ್ತರು, ರಸ್ತೆ ಕೆಲಸಗಾರರು ಅದರ ಸಂಬಳದ ಪಟ್ಟಿಯಲ್ಲಿದ್ದಾರೆ. ಇವರು ಮಾಡುವ ಕೆಲಸವನ್ನು ಹೊರಗಿನ ಗುತ್ತಿಗೆಗೆ ಕೊಡುವ ಮೊದಲು ಕಾರ್ಮಿಕ ಸಂಘಕ್ಕೆ ಲಿಖಿತ ತಿಳುವಳಿಕೆ ಕೊಡಬೇಕೆಂದು 2025ರಲ್ಲಿ ಕೆಳಮನೆಯ 339ನೆಯ ಮಸೂದೆ ಬಂತು. ಹಿಂದಿನ ವರ್ಷ ಇದಕ್ಕಿಂತ ಬಿಗಿಯಾದ 2557ನೆಯ ಮಸೂದೆಯನ್ನು ಅದೇ ಸದಸ್ಯೆ, ಲಿಜ್ ಒರ್ಟೆಗಾ ಅವರು, ತಂದಿದ್ದರು, ಅದು ಕಾನೂನಾಗಲಿಲ್ಲ. ಎರಡು ಸಲವೂ ಕೌಂಟಿಗಳ ಸಂಘ ವಿರೋಧದ ಪಟ್ಟಿಯಲ್ಲಿತ್ತು. ಖರ್ಚು ಹೆಚ್ಚುತ್ತದೆ, ಕೆಲಸ ತಡವಾಗುತ್ತದೆ ಎಂದು ವಾದ. ಗಿರಣಿಯ ಕಛೇರಿಯಲ್ಲಿ ಇದೇ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ! ಕಾರ್ಮಿಕ ಸಂಘಗಳೂ ಸುಮ್ಮನೆ ಕೂರಲಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯಪಾಲರು ಸಹಿ ಹಾಕಿದರು. (ಅಲ್ಲಿ ರಾಜ್ಯಪಾಲರನ್ನು ಜನರೇ ಆರಿಸುತ್ತಾರೆ, ಆಡಳಿತ ಅವರದೇ.) ಗುತ್ತಿಗೆಗೆ ಕರೆ ಕೊಡುವ ಮೊದಲು ಈಗ 45 ದಿನಗಳ ತಿಳುವಳಿಕೆ ಕೊಡಬೇಕು.

ಹಾಗಾದರೆ ವಿರೋಧದ ಕಾಗದ ಬರೆಯಲು ಕೌಂಟಿಗೆ ಹೇಳಿದವರು ಯಾರು? ಪ್ರತಿಯೊಂದು ಮಸೂದೆಗೂ ಮಂಡಲಿ ಕೂತು ಠರಾವು ಮಾಡುತ್ತದೆಂದು ನೀವು ತಿಳಿದಿದ್ದರೆ ತಪ್ಪು. ವರ್ಷಕ್ಕೆ ಎರಡು ಸಾವಿರಕ್ಕೂ ಮಿಗಿಲಾದ ಮಸೂದೆಗಳು ಮಂಡನೆಯಾಗುವ ರಾಜ್ಯದಲ್ಲಿ ಅದು ಆಗದ ಕೆಲಸ. ಆದುದರಿಂದ ಅನೇಕ ಕೌಂಟಿಗಳು ಅಧಿವೇಶನದ ಆರಂಭದ ಹೊತ್ತಿಗೆ ಒಂದು ಶಾಸನ ಧೋರಣೆಯ ಪತ್ರವನ್ನು ಒಪ್ಪಿಕೊಂಡುಬಿಡುತ್ತವೆ. ಆಮೇಲೆ ಬಂದ ಮಸೂದೆ ಆ ಪತ್ರದ ಚೌಕಟ್ಟಿಗೆ ಹೊಂದಿದರೆ ಸಿಬ್ಬಂದಿ ಮತ್ತೆ ಕೇಳದೆ ಕಾಗದ ಕಳುಹಿಸಬಹುದು. ಹಣ ಕೊಡದೆ ಹೊಣೆ ಹೊರಿಸುವ ಮಸೂದೆಗಳನ್ನು ವಿರೋಧಿಸತಕ್ಕದ್ದು ಎಂಬರ್ಥದ ಸಾಲು ಇಂಥ ಪತ್ರಗಳಲ್ಲಿ ಸಾಮಾನ್ಯ. ಕೇಳಲು ನ್ಯಾಯವಾಗಿಯೇ ಇದೆ. ರಾಜ್ಯ ತನ್ನ ಹೊರೆಯನ್ನು ಜಾರಿಸುವಾಗ ಅಡ್ಡ ನಿಲ್ಲುವ ಸಾಲೂ ಅದೇ. ಕೆಲಸಗಾರನಿಗೆ 45 ದಿನ ಕೊಡಿ ಎಂದಾಗ ಅಡ್ಡ ಹಾಕಬಹುದಾದ ಸಾಲೂ ಅದೇ.

1953ರ ಬ್ರೌನ್ ಕಾಯಿದೆಯ ಪ್ರಕಾರ ಮಂಡಲಿಯ ಸಭೆ ಬಹಿರಂಗವಾಗಿ ನಡೆಯಬೇಕು. ಸಾಮಾನ್ಯ ಸಭೆಯಾದರೆ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಅಂಟಿಸಿರಬೇಕು, ಬಂದವರಿಗೆ ಮಾತಾಡಲು ಅವಕಾಶ ಕೊಡಬೇಕು. ಧೋರಣೆಯ ಪತ್ರವೂ ಇಂಥ ಸಭೆಯಲ್ಲೇ ಒಪ್ಪಿಗೆಯಾಗುವುದು. ದೊಡ್ಡ ಮಸೂದೆಯ ದಿನ ಸ್ಯಾಕ್ರಮೆಂಟೊಗೆ ಬಸ್ಸು ಕಟ್ಟಿಕೊಂಡು ಹೋಗುವವರು, ತಮ್ಮೂರಿನಲ್ಲೇ ನಡೆಯುವ ಈ ಸಭೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಆ ಒಂದು ಸಾಲಿಗೆ "ಕೆಲಸಗಾರರ ಹಕ್ಕುಗಳ ಮಸೂದೆಗಳನ್ನು ಮಂಡಲಿಯೇ ಕೂತು ವಿಚಾರಿಸತಕ್ಕದ್ದು" ಎಂಬ ಅರ್ಧ ಸಾಲು ಸೇರಬೇಕಾದರೆ, ಹೋಗಬೇಕಾದ ದಿನ ಅದು. ಅಲ್ಲಿ ಒಬ್ಬೊಬ್ಬರ ಮಾತಿಗೆ ಸಿಗುವುದು ಎರಡು ಮೂರು ನಿಮಿಷ ಅಷ್ಟೇ.